ತ್ಯಾಮಗೊಂಡ್ಲಿನ ಗಾಳಿ: ಅದರಲ್ಲಿ ಏನಿದೆ, ಹೇಗೆ ಅಳೆಯುತ್ತಾರೆ, ಯಾರನ್ನು ಕೇಳಬೇಕು?

ಮೊಬೈಲ್‌ನಲ್ಲಿ ಹವಾಮಾನ ನೋಡಲು ಹೋದರೆ ಉಷ್ಣಾಂಶದ ಪಕ್ಕದಲ್ಲಿ ಈಗ ಇನ್ನೊಂದು ಸಂಖ್ಯೆಯೂ ಕಾಣುತ್ತದೆ. ಎಕ್ಯೂಐ 68, ಎಕ್ಯೂಐ 112, ಹೀಗೆ. ಮೇಲೆ ಊರಿನ ಹೆಸರು ತ್ಯಾಮಗೊಂಡ್ಲು ಎಂದೇ ಇರುತ್ತದೆ. ಅಂದರೆ ಯಾರೋ ನಮ್ಮೂರಿನಲ್ಲೇ ಯಂತ್ರ ಇಟ್ಟು ಗಾಳಿ ಅಳೆಯುತ್ತಿದ್ದಾರೆ ಎಂದುಕೊಳ್ಳುವುದು ಸಹಜ. ಹೆಚ್ಚಿನ ಸಲ ಹಾಗಿರುವುದಿಲ್ಲ. ದೂರದ ಅಳತೆ ಕೇಂದ್ರದ ಮಾಹಿತಿ, ಉಪಗ್ರಹದ ಚಿತ್ರ ಮತ್ತು ಕಂಪ್ಯೂಟರ್ ಲೆಕ್ಕ ಸೇರಿಸಿ ಅಂದಾಜಿಸಿದ ಸಂಖ್ಯೆ ಅದು.

ಅಂದಾಜು ಎಂದ ಮಾತ್ರಕ್ಕೆ ಅದು ಸುಳ್ಳಲ್ಲ. ಆದರೆ ನಿಮ್ಮ ಬೀದಿಯಲ್ಲಿ ಕಸ ಸುಡುವ ಹೊಗೆಯಾಗಲಿ, ಮನೆ ಮುಂದೆ ಹಾದುಹೋಗುವ ಜಲ್ಲಿ ಟಿಪ್ಪರ್‌ಗಳ ದೂಳಾಗಲಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಗಾಳಿಯ ಬಗ್ಗೆ ಯಾವ ಸಂಖ್ಯೆ ಕಂಡರೂ ಮೊದಲು ಒಂದು ಪ್ರಶ್ನೆ ಕೇಳಿ: ಇದನ್ನು ಎಲ್ಲಿ ಅಳೆದರು? ಇದೊಂದು ಗೊತ್ತಾದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಗಾಳಿಯಲ್ಲಿ ಸೇರುವ ಕೊಳೆ ಯಾವುದು, ಅದನ್ನು ಅಳೆಯುವ ಬಗೆ ಹೇಗೆ, ಖರ್ಚೆಷ್ಟು, ಮಾಹಿತಿ ಎಲ್ಲಿ ಸಿಗುತ್ತದೆ, ದೂರು ಯಾರಿಗೆ ಕೊಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಗಾಳಿಯಲ್ಲಿ ಸೇರುವ ಕೊಳೆ ಯಾವುದು?

ಆರೋಗ್ಯ ಕೆಡಿಸುವಷ್ಟು ಪ್ರಮಾಣದಲ್ಲಿ ಗಾಳಿಗೆ ಸೇರುವ ಕಣ ಅಥವಾ ಅನಿಲವನ್ನು ವಾಯು ಮಾಲಿನ್ಯಕಾರಕ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇಂತಹ 12 ವಸ್ತುಗಳಿಗೆ ಮಿತಿ ನಿಗದಿಯಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರ ನವೆಂಬರ್‌ನಲ್ಲಿ ಈ ಪಟ್ಟಿಯನ್ನು ಪ್ರಕಟಿಸಿತು. ನಮ್ಮ ದಿನನಿತ್ಯಕ್ಕೆ ಸಂಬಂಧಿಸಿದವನ್ನಷ್ಟೇ ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು ಪಿಎಂ 10. ಪಿಎಂ ಎಂದರೆ ಗಾಳಿಯಲ್ಲಿ ತೇಲುವ ಕಣ. 10 ಎಂಬುದು ಗಾತ್ರ: 10 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ರಸ್ತೆ ದೂಳು, ಕಟ್ಟಡ ಕೆಲಸದ ಸಿಮೆಂಟ್, ಕ್ರಷರ್‌ನ ಕಲ್ಲುಪುಡಿ, ಟಾರು ರಸ್ತೆಯ ಮೇಲೆ ರಾಗಿ ಒಕ್ಕಣೆ ಮಾಡುವಾಗ ಏಳುವ ಹೊಟ್ಟು, ಇವೆಲ್ಲದರಲ್ಲೂ ಪಿಎಂ 10 ಇರುತ್ತದೆ. ಇದು ಮೂಗು, ಗಂಟಲು, ಶ್ವಾಸನಾಳದವರೆಗೆ ಹೋಗುತ್ತದೆ.

ಎರಡನೆಯದು ಪಿಎಂ 2.5. ಇದು 2.5 ಮೈಕ್ರಾನ್‌ಗಿಂತ ಚಿಕ್ಕ ಕಣ. ಬಹುಮಟ್ಟಿಗೆ ಬೆಂಕಿಯಿಂದ ಹುಟ್ಟುವಂಥದ್ದು. ಡೀಸೆಲ್ ಹೊಗೆ, ಸೌದೆ ಒಲೆಯ ಹೊಗೆ, ಬಚ್ಚಲುಮನೆಯ ಹಂಡೆ ಒಲೆಗೆ ಹಾಕುವ ತೆಂಗಿನ ಮಟ್ಟೆಯ ಹೊಗೆ, ಕಸ ಸುಟ್ಟ ಹೊಗೆ, ಕಾರ್ಖಾನೆಯ ಬಾಯ್ಲರ್ ಹೊಗೆ, ಎಲ್ಲದರಲ್ಲೂ ಇದಿದೆ. ಇದು ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ. ಅದರಲ್ಲೂ ತೀರಾ ಸೂಕ್ಷ್ಮವಾದ ಕಣಗಳು ರಕ್ತಕ್ಕೂ ಸೇರಬಲ್ಲವು. ಉಬ್ಬಸ, ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಇವುಗಳ ಅಪಾಯವನ್ನು ಇದು ಹೆಚ್ಚಿಸುತ್ತದೆ. ಇರುವ ಮಾಲಿನ್ಯಕಾರಕಗಳಲ್ಲಿ ನೀವು ಹೆಚ್ಚು ಗಮನಿಸಬೇಕಾದದ್ದು ಇದನ್ನೇ.

ಮೂರನೆಯದು ನೈಟ್ರೋಜನ್ ಡೈಆಕ್ಸೈಡ್. ಎಂಜಿನ್ ಒಳಗಿನ ಅತಿಯಾದ ಬಿಸಿಯಲ್ಲಿ ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕ ಕೂಡಿ ಹುಟ್ಟುವ ಅನಿಲಗಳಲ್ಲಿ ಇದೊಂದು. ವಾಹನ ಹೆಚ್ಚಿರುವ ಕಡೆ ಇದೂ ಹೆಚ್ಚು. ನೆಲಮಂಗಲದಿಂದ ದಾಬಸ್‌ಪೇಟೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸಿನ ಜನ ಇದನ್ನು ನೆನಪಿಡಬೇಕು.

ನಾಲ್ಕನೆಯದು ಸಲ್ಫರ್ ಡೈಆಕ್ಸೈಡ್, ಅಂದರೆ ಗಂಧಕದ ಅನಿಲ. ಕಲ್ಲಿದ್ದಲು, ಫರ್ನೇಸ್ ಆಯಿಲ್ ಉರಿಸುವ ಕಡೆ ಹುಟ್ಟುತ್ತದೆ. ವಾಹನಗಳಿಂದ ಬರುವ ಪಾಲು ಈಗ ತಗ್ಗಿದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್ 6 ಇಂಧನ ಬಂತು. ಅದಕ್ಕೆ ಮೊದಲು ಒಂದು ಕೆ.ಜಿ. ಡೀಸೆಲ್‌ನಲ್ಲಿ 50 ಮಿಲಿಗ್ರಾಂವರೆಗೆ ಗಂಧಕ ಇರಬಹುದಿತ್ತು. ಈಗ 10 ಮಿಲಿಗ್ರಾಂ ಮೀರುವಂತಿಲ್ಲ.

ಐದನೆಯದು ಕಾರ್ಬನ್ ಮೊನಾಕ್ಸೈಡ್. ಉರಿ ಸರಿಯಾಗಿ ಹತ್ತದಿದ್ದಾಗ ಹುಟ್ಟುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ಇದು ತಡೆಯುತ್ತದೆ. ಚಳಿಗಾಲದಲ್ಲಿ ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗಾಗುವಷ್ಟರಲ್ಲಿ ಸಾಯುವುದು ಇದರಿಂದಲೇ. ಯಾವ ಕಾರಣಕ್ಕೂ ಹಾಗೆ ಮಲಗಬೇಡಿ.

ಆರನೆಯದು ಓಝೋನ್. ಆಕಾಶದ ಎತ್ತರದಲ್ಲಿರುವ ಓಝೋನ್ ನಮ್ಮನ್ನು ಕಾಯುತ್ತದೆ. ನೆಲದ ಮಟ್ಟದಲ್ಲಿ ಅದೇ ಅನಿಲ ಕಣ್ಣು ಉರಿಸುತ್ತದೆ, ಎದೆ ಬಿಗಿಸುತ್ತದೆ. ಇದು ಯಾವ ಕೊಳವೆಯಿಂದಲೂ ನೇರವಾಗಿ ಬರುವುದಿಲ್ಲ. ವಾಹನದ ಹೊಗೆ ಮತ್ತು ಪೆಟ್ರೋಲ್, ಪೇಂಟ್‌ಗಳ ಆವಿ ಬಿಸಿಲಿಗೆ ಸಿಕ್ಕಿ ಕೂಡಿದಾಗ ಉಂಟಾಗುತ್ತದೆ. ಆದ್ದರಿಂದ ಬೇಸಿಗೆಯ ಮಧ್ಯಾಹ್ನ ಹೆಚ್ಚು.

ಇನ್ನು ಅಮೋನಿಯಾ ಹಳ್ಳಿಯವರಿಗೆ ಪರಿಚಿತ. ಕೊಟ್ಟಿಗೆಯಲ್ಲಿ, ತಿಪ್ಪೆಯಲ್ಲಿ, ಯೂರಿಯಾ ಚೆಲ್ಲಿದ ಹೊಲದಲ್ಲಿ ಮೂಗಿಗೆ ಹೊಡೆಯುವ ಘಾಟು ಅದೇ. ಸೀಸವೂ ಪಟ್ಟಿಯಲ್ಲಿದೆ. ದೇಶದಲ್ಲಿ 2000ನೇ ಇಸವಿಯಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿರುವುದರಿಂದ ಗಾಳಿಯ ಸೀಸ ಬಹಳ ಇಳಿದಿದೆ. ಹಳೆಯ ಬ್ಯಾಟರಿ ಕರಗಿಸುವ ಕಡೆ ಮಾತ್ರ ಈಗಲೂ ಅಪಾಯ. ಬೆನ್ಜೀನ್, ಬೆನ್ಜೋಪೈರೀನ್, ಆರ್ಸೆನಿಕ್, ನಿಕ್ಕಲ್ ಉಳಿದ ನಾಲ್ಕು.

ಎಷ್ಟಿದ್ದರೆ ಹೆಚ್ಚು?

ಗಾಳಿಯ ಅಳತೆಗೆ ಒಂದು ಘನ ಮೀಟರ್ ಲೆಕ್ಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಜಾಗದಲ್ಲಿ ತುಂಬುವಷ್ಟು ಗಾಳಿ. ಅದರಲ್ಲಿ ಎಷ್ಟು ಮೈಕ್ರೋಗ್ರಾಂ ಕೊಳೆ ಇದೆ ಎಂದು ನೋಡುತ್ತಾರೆ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಗ್ರಾಂ.

ಭಾರತದ ಮಿತಿಯಂತೆ 24 ಗಂಟೆಯ ಸರಾಸರಿಯಲ್ಲಿ ಪಿಎಂ 10 ನೂರು ಮೈಕ್ರೋಗ್ರಾಂ ಮೀರಬಾರದು. ಪಿಎಂ 2.5 ಅರವತ್ತು ಮೀರಬಾರದು. ವರ್ಷದ ಸರಾಸರಿಗೆ ಮಿತಿ ಇನ್ನೂ ಬಿಗಿ: ಪಿಎಂ 10ಕ್ಕೆ 60, ಪಿಎಂ 2.5ಕ್ಕೆ 40. ನೈಟ್ರೋಜನ್ ಡೈಆಕ್ಸೈಡ್ ಮತ್ತು ಸಲ್ಫರ್ ಡೈಆಕ್ಸೈಡ್‌ಗೆ ದಿನದ ಮಿತಿ ತಲಾ 80.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಸಲಹೆಯನ್ನು ಪರಿಷ್ಕರಿಸಿತು. ಪಿಎಂ 2.5 ವರ್ಷದ ಸರಾಸರಿ 5, ದಿನದ ಸರಾಸರಿ 15 ಮೀರದಿದ್ದರೆ ಒಳ್ಳೆಯದು ಎಂದಿತು. ನಮ್ಮ ವಾರ್ಷಿಕ ಮಿತಿ ಅದರ ಎಂಟು ಪಟ್ಟು. ಹಾಗಾಗಿ ಸರ್ಕಾರಿ ಮಿತಿಯೊಳಗಿದೆ ಎಂದರೆ ಅಪಾಯವೇ ಇಲ್ಲ ಎಂದು ತಿಳಿಯಬಾರದು. ಕಾನೂನಿನ ಗೆರೆ ದಾಟಿಲ್ಲ ಎಂದಷ್ಟೇ ಅದರ ಅರ್ಥ.

ಅಳೆಯುವುದು ಹೇಗೆ? ಮೊದಲನೆಯದು ತೂಕದ ವಿಧಾನ

ಇದು ಹಳೆಯದು, ಆದರೆ ಇಂದಿಗೂ ಎಲ್ಲರೂ ನಂಬುವ ವಿಧಾನ. ಒಂದು ಬಿಳಿ ಫಿಲ್ಟರ್ ಇರುತ್ತದೆ. ಅದನ್ನು ತೇವ ಇಲ್ಲದ ಪೆಟ್ಟಿಗೆಯಲ್ಲಿ ಒಂದು ದಿನ ಇಡುತ್ತಾರೆ. ಗಾಳಿಯ ತೇವ ಹೀರಿದರೂ ತೂಕ ತಪ್ಪುತ್ತದೆ, ಅದಕ್ಕೆ ಈ ಎಚ್ಚರ. ಆಮೇಲೆ ಅತಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಾರೆ. ಫಿಲ್ಟರನ್ನು ಚಿಮಟದಲ್ಲೇ ಹಿಡಿಯಬೇಕು. ಬೆರಳಿನ ಬೆವರು ತಾಗಿದರೂ ಲೆಕ್ಕ ಕೆಡುತ್ತದೆ.

ನಂತರ ಫಿಲ್ಟರನ್ನು ಯಂತ್ರಕ್ಕೆ ಹಾಕುತ್ತಾರೆ. ಯಂತ್ರದ ಪಂಪು ಅಳತೆ ಪ್ರಕಾರ ಗಾಳಿ ಎಳೆಯುತ್ತದೆ. ಪಿಎಂ 2.5 ಯಂತ್ರ ಗಂಟೆಗೆ ಒಂದು ಘನ ಮೀಟರ್, ಅಂದರೆ ನಿಮಿಷಕ್ಕೆ ಸುಮಾರು 16.7 ಲೀಟರ್ ಗಾಳಿ ಎಳೆಯುತ್ತದೆ. ದಪ್ಪ ಕಣಗಳು ಬಾಯಿಯ ಹತ್ತಿರವೇ ಬೇರ್ಪಡುತ್ತವೆ. ಸಣ್ಣ ಕಣಗಳು ಮಾತ್ರ ಫಿಲ್ಟರ್ ಮೇಲೆ ಕೂರುತ್ತವೆ. 24 ಗಂಟೆ ಕಳೆದ ಮೇಲೆ ಹೊರತೆಗೆದರೆ ಬಿಳಿ ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮತ್ತೆ ಒಣಗಿಸಿ, ಮತ್ತೆ ತೂಗುತ್ತಾರೆ.

ಲೆಕ್ಕ ಸುಲಭ. ತೂಕ 1.2 ಮಿಲಿಗ್ರಾಂ ಹೆಚ್ಚಾಗಿದೆ ಎನ್ನಿ. ಅಂದರೆ 1,200 ಮೈಕ್ರೋಗ್ರಾಂ. ಹಾದುಹೋದ ಗಾಳಿ 24 ಘನ ಮೀಟರ್. 1,200ನ್ನು 24ರಿಂದ ಭಾಗಿಸಿದರೆ 50. ಆ ದಿನದ ಪಿಎಂ 2.5 ಪ್ರಮಾಣ ಘನ ಮೀಟರಿಗೆ 50 ಮೈಕ್ರೋಗ್ರಾಂ.

ಅನಿಲಗಳಿಗೆ ಬೇರೆ ದಾರಿ. ಗಾಜಿನ ಬಾಟಲಿಯಲ್ಲಿರುವ ರಾಸಾಯನಿಕ ದ್ರಾವಣದ ಮೂಲಕ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಹಾಯಿಸುತ್ತಾರೆ. ಅನಿಲ ಅದರಲ್ಲಿ ಕರಗುತ್ತದೆ. ಪ್ರಯೋಗಾಲಯದಲ್ಲಿ ಬಣ್ಣ ಬರಿಸುವ ರಾಸಾಯನಿಕ ಬೆರೆಸಿ, ಬಣ್ಣ ಎಷ್ಟು ಗಾಢವಾಯಿತು ಎಂಬುದರ ಮೇಲೆ ಪ್ರಮಾಣ ಕಂಡುಹಿಡಿಯುತ್ತಾರೆ.

ರಾಷ್ಟ್ರೀಯ ವಾಯು ಗುಣಮಟ್ಟ ಮಾಪನ ಕಾರ್ಯಕ್ರಮದ ಕೇಂದ್ರಗಳಲ್ಲಿ ಹೀಗೆಯೇ ಅಳೆಯುತ್ತಾರೆ. ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನ. ಫಲಿತಾಂಶ ನಿಖರ, ಆದರೆ ತಡವಾಗಿ ಸಿಗುತ್ತದೆ. ಅಳೆಯದ ದಿನ ಏನಾಯಿತು ಎಂಬುದು ತಿಳಿಯುವುದಿಲ್ಲ.

ಎರಡನೆಯದು ಸ್ವಯಂಚಾಲಿತ ಕೇಂದ್ರ

ಇದು ಹವಾನಿಯಂತ್ರಿತ ಚಿಕ್ಕ ಕೋಣೆ. ಚಾವಣಿಯ ಮೇಲೆ ಗಾಳಿ ಒಳಕ್ಕೆಳೆಯುವ ಕೊಳವೆಗಳು, ಒಳಗೆ ಒಂದೊಂದು ಮಾಲಿನ್ಯಕಾರಕಕ್ಕೂ ಒಂದೊಂದು ಯಂತ್ರ. ದಿನದ 24 ಗಂಟೆಯೂ ಅಳತೆ ನಡೆಯುತ್ತದೆ. ಮಾಹಿತಿ ತಾನಾಗಿ ಕೇಂದ್ರ ಮಂಡಳಿಯ ಕಂಪ್ಯೂಟರ್‌ಗೆ ಹೋಗುತ್ತದೆ.

ಕಣಗಳನ್ನು ಅಳೆಯುವ ಯಂತ್ರದಲ್ಲಿ ಫಿಲ್ಟರ್ ಪಟ್ಟಿಯೊಂದು ಸುರುಳಿಯಂತೆ ಇರುತ್ತದೆ. ಅದರ ಮೇಲೆ ದೂಳು ಕೂರುತ್ತದೆ. ಒಂದು ಪಕ್ಕದಿಂದ ಬೀಟಾ ಕಿರಣ ಹಾಯಿಸುತ್ತಾರೆ. ದೂಳು ಹೆಚ್ಚಿದ್ದಷ್ಟೂ ಆಚೆ ದಾಟುವ ಕಿರಣ ಕಡಿಮೆ. ಆ ವ್ಯತ್ಯಾಸದಿಂದ ತೂಕ ತಿಳಿಯುತ್ತದೆ. ಅನಿಲಗಳನ್ನು ಅಳೆಯುವುದು ಬೆಳಕಿನಿಂದ. ಓಝೋನ್ ನೇರಳಾತೀತ ಕಿರಣವನ್ನು ಹೀರುತ್ತದೆ, ಕಾರ್ಬನ್ ಮೊನಾಕ್ಸೈಡ್ ಅವಕೆಂಪು ಕಿರಣವನ್ನು ಹೀರುತ್ತದೆ. ಎಷ್ಟು ಹೀರಿತು ಎಂದು ನೋಡಿದರೆ ಎಷ್ಟಿದೆ ಎಂದು ಗೊತ್ತಾಗುತ್ತದೆ.

ಕೇಂದ್ರವನ್ನು ಕಂಡ ಕಂಡಲ್ಲಿ ಇಡುವಂತಿಲ್ಲ. ಗಾಳಿ ಎಳೆಯುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಮರಗಳಿಂದ 20 ಮೀಟರಾದರೂ ದೂರವಿರಬೇಕು. ನಾಲ್ಕು ದಿಕ್ಕಿನಲ್ಲಿ ಮೂರು ದಿಕ್ಕಿನಿಂದಲಾದರೂ ಗಾಳಿ ತಡೆಯಿಲ್ಲದೆ ಬರಬೇಕು. ಪಕ್ಕದಲ್ಲೇ ಕುಲುಮೆಯಾಗಲಿ ಚಿಮಣಿಯಾಗಲಿ ಇರಬಾರದು. ಇಡೀ ಪ್ರದೇಶದ ಗಾಳಿ ಹೇಗಿದೆ ಎಂದು ತಿಳಿಯುವುದು ಅದರ ಉದ್ದೇಶ. ಒಂದು ಮನೆಯ ಒಲೆಯ ಹೊಗೆಯಿಂದ ಲೆಕ್ಕ ತಪ್ಪಬಾರದು.

ಮೂರನೆಯದು ಸೆನ್ಸರ್

ಅಂಗೈಯಗಲದ ಪೆಟ್ಟಿಗೆ. ಒಳಗೆ ಲೇಸರ್ ದೀಪ. ಚಿಕ್ಕ ಫ್ಯಾನ್ ಗಾಳಿಯನ್ನು ಒಳಗೆ ಎಳೆಯುತ್ತದೆ. ಕಣಕ್ಕೆ ತಾಗಿದ ಬೆಳಕು ಚದುರುತ್ತದೆ. ಎಷ್ಟು ಚದುರಿತು ಎಂಬುದರ ಮೇಲೆ ಕಣಗಳ ಪ್ರಮಾಣವನ್ನು ಅಂದಾಜಿಸುತ್ತದೆ.

ಅಗ್ಗ ಮತ್ತು ಚುರುಕು ಎಂಬುದು ಇದರ ಗುಣ. ದೋಷವೂ ಇದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕಣಗಳು ನೀರು ಹೀರಿ ಉಬ್ಬುತ್ತವೆ. ಇಬ್ಬನಿಯ ಹನಿಯನ್ನೂ ಯಂತ್ರ ಕೊಳೆ ಎಂದು ಎಣಿಸುತ್ತದೆ. ಮಾಗಿಯ ಬೆಳಗ್ಗೆ ಸೆನ್ಸರ್ ತೋರಿಸುವ ಸಂಖ್ಯೆಯನ್ನು ಹಾಗೇ ನಂಬಬೇಡಿ. ಬಿಸಿಲೇರಿ ಇಬ್ಬನಿ ಕರಗಿದ ಮೇಲೂ ಸಂಖ್ಯೆ ಇಳಿಯದಿದ್ದರೆ ಅದು ಹೊಗೆ ಅಥವಾ ದೂಳು. ಸರ್ಕಾರಿ ಕೇಂದ್ರದ ಯಂತ್ರದ ಪಕ್ಕದಲ್ಲಿ ಕೆಲವು ವಾರ ಇಟ್ಟು ಹೊಂದಿಸಿದ ಸೆನ್ಸರ್ ಹೆಚ್ಚು ವಿಶ್ವಾಸಾರ್ಹ.

ಎಕ್ಯೂಐ ಎಂಬ ಸಂಖ್ಯೆ ಬರುವುದು ಹೇಗೆ?

ಎಕ್ಯೂಐ ಎಂದರೆ ವಾಯು ಗುಣಮಟ್ಟ ಸೂಚ್ಯಂಕ. ಭಾರತದಲ್ಲಿ ಇದು 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಹತ್ತಾರು ಅಳತೆಗಳನ್ನು ಜನಸಾಮಾನ್ಯರಿಗೆ ಒಂದೇ ಸಂಖ್ಯೆಯಲ್ಲಿ ತಿಳಿಸುವುದು ಇದರ ಉದ್ದೇಶ. 0ಯಿಂದ 50 ಉತ್ತಮ. 51ರಿಂದ 100 ತೃಪ್ತಿಕರ. 101ರಿಂದ 200 ಮಧ್ಯಮ. 201ರಿಂದ 300 ಕಳಪೆ. 301ರಿಂದ 400 ತೀರಾ ಕಳಪೆ. 401ರಿಂದ 500 ತೀವ್ರ.

ಎಂಟು ಮಾಲಿನ್ಯಕಾರಕಗಳನ್ನು ಇದಕ್ಕೆ ಪರಿಗಣಿಸುತ್ತಾರೆ. ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ ಬರುತ್ತದೆ. ಅವುಗಳಲ್ಲಿ ಅತಿ ಹೆಚ್ಚಿನದೇ ಆ ಹೊತ್ತಿನ ಎಕ್ಯೂಐ. ಎಲ್ಲವನ್ನೂ ಕೂಡಿಸುವುದಿಲ್ಲ, ಸರಾಸರಿಯನ್ನೂ ತೆಗೆಯುವುದಿಲ್ಲ.

ಒಂದು ಉದಾಹರಣೆ. ಪಿಎಂ 2.5 ಪ್ರಮಾಣ 45 ಇದೆ ಎನ್ನಿ. ಅದರ ಅಂಕ 75. ಪಿಎಂ 10 ಪ್ರಮಾಣ 120 ಇದೆ. ಅದರ ಅಂಕ 113. ನೈಟ್ರೋಜನ್ ಡೈಆಕ್ಸೈಡ್ 30 ಇದೆ. ಅದರ ಅಂಕ 38. ಮೂರರಲ್ಲಿ ದೊಡ್ಡದು 113. ಆ ದಿನದ ಎಕ್ಯೂಐ 113, ಕಾರಣ ಪಿಎಂ 10, ದರ್ಜೆ ಮಧ್ಯಮ. ಆದ್ದರಿಂದ ಸಂಖ್ಯೆಯ ಜೊತೆಗೆ ಅದಕ್ಕೆ ಕಾರಣ ಯಾವುದು ಎಂದೂ ನೋಡಿ. ಪಿಎಂ 10 ಕಾರಣವಾಗಿದ್ದರೆ ಬಹುಪಾಲು ದೂಳು, ಪಿಎಂ 2.5 ಕಾರಣವಾಗಿದ್ದರೆ ಬಹುಪಾಲು ಹೊಗೆ.

ಸೂಚ್ಯಂಕ ಹೇಳಲು ಕನಿಷ್ಠ ಮೂರು ಮಾಲಿನ್ಯಕಾರಕಗಳ ಮಾಹಿತಿ ಬೇಕು. ಅದರಲ್ಲಿ ಒಂದು ಪಿಎಂ 10 ಅಥವಾ ಪಿಎಂ 2.5 ಆಗಿರಲೇಬೇಕು. 24 ಗಂಟೆಯಲ್ಲಿ 16 ಗಂಟೆಯದಾದರೂ ಅಳತೆ ಇರಬೇಕು.

ಒಂದೇ ಹೊತ್ತಿನಲ್ಲಿ ಒಂದು ಆ್ಯಪ್ 75 ಎನ್ನುತ್ತದೆ, ಇನ್ನೊಂದು 124 ಎನ್ನುತ್ತದೆ. ಯಾವುದು ಸರಿ ಎಂಬ ಗೊಂದಲ ಬಹಳ ಜನರಿಗಿದೆ. ಎರಡೂ ಸರಿ ಇರಬಹುದು. ವಿದೇಶಿ ಆ್ಯಪ್‌ಗಳಲ್ಲಿ ಹಲವು ಅಮೆರಿಕದ ಮಾನದಂಡ ಬಳಸುತ್ತವೆ. ಪಿಎಂ 2.5 ಪ್ರಮಾಣ 45 ಇದ್ದಾಗ ನಮ್ಮ ಲೆಕ್ಕದಲ್ಲಿ ಅಂಕ 75, ತೃಪ್ತಿಕರ. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿಗೆ 124, ಅಂದರೆ ಮಕ್ಕಳು, ವೃದ್ಧರು, ಉಬ್ಬಸವಿರುವವರಿಗೆ ಒಳ್ಳೆಯದಲ್ಲ. ಹೋಲಿಸುವುದಾದರೆ ಎಕ್ಯೂಐ ಬಿಟ್ಟು ಮೈಕ್ರೋಗ್ರಾಂ ಲೆಕ್ಕವನ್ನೇ ಹೋಲಿಸಿ. ಅದು ಎಲ್ಲ ಕಡೆಯೂ ಒಂದೇ.

ತ್ಯಾಮಗೊಂಡ್ಲಿನವರು ಯಾವ ಕೇಂದ್ರ ನೋಡಬೇಕು?

ಸ್ವಯಂಚಾಲಿತ ಕೇಂದ್ರಗಳು ಹೆಚ್ಚಾಗಿ ಬೆಂಗಳೂರು ನಗರದೊಳಗಿವೆ. ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್, ಸಿಟಿ ರೈಲ್ವೆ ನಿಲ್ದಾಣ, ಸಾಣೆಗುರುವನಹಳ್ಳಿ, ಪೀಣ್ಯ ಹೀಗೆ. ಇವುಗಳಲ್ಲಿ ನಮಗೆ ಹತ್ತಿರವೆನಿಸುವುದು ಪೀಣ್ಯ. ಅದೂ ನೇರ ಅಂತರದಲ್ಲೇ ಸುಮಾರು 30 ಕಿ.ಮೀ. ದೂರ. ಪೀಣ್ಯದ್ದು ಕೈಗಾರಿಕೆ ಮತ್ತು ವಾಹನದಟ್ಟಣೆಯ ಗಾಳಿ. ತ್ಯಾಮಗೊಂಡ್ಲಿನದು ಹೊಲ, ತೋಟ, ಸಂತೆ, ಸೌದೆ ಒಲೆ, ಟಿಪ್ಪರ್ ಓಡುವ ರಸ್ತೆ ಎಲ್ಲ ಸೇರಿದ ಗಾಳಿ. ಪೀಣ್ಯದ ಸಂಖ್ಯೆಯನ್ನು ನಮ್ಮೂರಿನ ಸಂಖ್ಯೆ ಎಂದು ಹೇಳಲಾಗದು. ಇಡೀ ಸೀಮೆಯ ಗಾಳಿ ಇವತ್ತು ನಿನ್ನೆಗಿಂತ ಕೆಟ್ಟಿದೆಯೇ, ಸುಧಾರಿಸಿದೆಯೇ ಎಂದು ತಿಳಿಯಲು ಮಾತ್ರ ಅದು ಉಪಯೋಗ.

ಇದರ ಜೊತೆಗೆ ಗಾಳಿಯ ದಿಕ್ಕನ್ನೂ ನೋಡಬೇಕು. ದಾಬಸ್‌ಪೇಟೆ ಮತ್ತು ಸೋಂಪುರ ಕೈಗಾರಿಕಾ ಪ್ರದೇಶ ನಮಗೆ ಪಶ್ಚಿಮಕ್ಕಿವೆ. ನೆಲಮಂಗಲ, ಅದರಾಚೆ ಬೆಂಗಳೂರು ಆಗ್ನೇಯಕ್ಕಿವೆ. ದೊಡ್ಡಬಳ್ಳಾಪುರ ಪೂರ್ವಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ ಇದೆ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಬೀಸುತ್ತದೆ. ಆಗ ದಾಬಸ್‌ಪೇಟೆ ಕಡೆಯದು ನಮ್ಮತ್ತ ಬರುತ್ತದೆ. ಆದರೆ ಗಾಳಿ ಜೋರು, ಮಳೆಯೂ ಇರುತ್ತದೆ, ಬೇಗ ಚದುರುತ್ತದೆ. ನವೆಂಬರ್‌ನಿಂದ ಜನವರಿಯವರೆಗೆ ಮೂಡಣ ಗಾಳಿ. ಆಗ ನಗರದ ಕಡೆಯದೂ ನಮ್ಮತ್ತ ಬರಬಹುದು.

ಚಳಿಗಾಲದಲ್ಲಿ ಇನ್ನೊಂದು ತೊಂದರೆ ಇದೆ. ರಾತ್ರಿ ನೆಲ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಹೊಗೆ ಮೇಲೇರಲಾರದೆ ಕೆಳಗೇ ಹರಡುತ್ತದೆ. ಸಂಜೆ ಏಳರ ಹೊತ್ತಿಗೆ ಕೆರೆ ಕಡೆ, ಹಳ್ಳದ ಕಡೆ ತೆಳು ಹೊಗೆಯ ಪದರ ನೆಲಕ್ಕೆ ಅಂಟಿದಂತೆ ಕಾಣುವುದು ಇದಕ್ಕೇ. ರಾಗಿ ಒಕ್ಕಣೆ, ತರಗು ಸುಡುವುದು, ಹಂಡೆ ಒಲೆ ಉರಿಸುವುದು ಎಲ್ಲವೂ ಇದೇ ತಿಂಗಳುಗಳಲ್ಲಿ ಕೂಡಿಬರುತ್ತವೆ.

ಕೊಳೆಯಲ್ಲಿ ಯಾರ ಪಾಲು ಎಷ್ಟು?

ಟೇರಿ ಎಂಬ ಸಂಶೋಧನಾ ಸಂಸ್ಥೆ 2010ರಲ್ಲಿ ಬೆಂಗಳೂರು ನಗರದ ಬಗ್ಗೆ ಇದನ್ನು ಲೆಕ್ಕ ಹಾಕಿತ್ತು. ಪಿಎಂ 10ರಲ್ಲಿ ವಾಹನಗಳ ಪಾಲು ಶೇ 42, ರಸ್ತೆ ದೂಳಿನ ಪಾಲು ಶೇ 20 ಎಂದು ಅದು ಕಂಡುಕೊಂಡಿತು. ಕಟ್ಟಡ ಕೆಲಸ ಮತ್ತು ಕೈಗಾರಿಕೆ ತಲಾ ಶೇ 14. ಜನರೇಟರ್‌ಗಳದು ಶೇ 7, ಮನೆ ಒಲೆಗಳದು ಶೇ 3. ಇದು ನಗರದ ಲೆಕ್ಕ, ಹಳೆಯದೂ ಹೌದು. ನಮ್ಮ ಹೋಬಳಿಯಲ್ಲಿ ಒಲೆ, ಕಸ ಸುಡುವುದು, ಕಲ್ಲುದೂಳು ಇವುಗಳ ಪಾಲು ಅದಕ್ಕಿಂತ ಬೇರೆಯೇ ಇರುತ್ತದೆ. ಆದ್ದರಿಂದಲೇ ನಮ್ಮ ಜಿಲ್ಲೆಯಲ್ಲಿ ಪ್ರತ್ಯೇಕವಾಗಿ ಅಳೆಯಬೇಕೆಂದು ಕೇಳುವುದು ನ್ಯಾಯ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಈ ನಾಲ್ಕು ನಗರಗಳು. ಗಾಳಿ ಮಾತ್ರ ನಗರದ ಗಡಿಯಲ್ಲಿ ನಿಲ್ಲುವುದಿಲ್ಲ.

ಖರ್ಚೆಷ್ಟು?

ಮಾಹಿತಿ ನೋಡಲು ದುಡ್ಡು ಬೇಕಿಲ್ಲ. ಕೇಂದ್ರ ಮಂಡಳಿಯ ‘ಸಮೀರ್’ ಆ್ಯಪ್ ಉಚಿತ. ಕೇಂದ್ರದ ಹೆಸರು ಆರಿಸಿದರೆ ಗಂಟೆ ಗಂಟೆಯ ಎಕ್ಯೂಐ ಸಿಗುತ್ತದೆ. ರಾಜ್ಯ ಮಂಡಳಿಯ ಜಾಲತಾಣದಲ್ಲೂ ವರದಿಗಳಿವೆ.

ಸ್ವಯಂಚಾಲಿತ ಕೇಂದ್ರವೊಂದನ್ನು ಸ್ಥಾಪಿಸಲು ಕೋಟಿ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ. ನಡೆಸುವ ವೆಚ್ಚ ಬೇರೆ. ಹೋಬಳಿಗೊಂದು ಇಡಲಾಗದಿರುವುದಕ್ಕೆ ಇದು ದೊಡ್ಡ ಕಾರಣ.

ಮನೆಯಲ್ಲಿಡುವ ಸೆನ್ಸರ್ ಕೆಲವು ಸಾವಿರ ರೂಪಾಯಿಗೆ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಮಳೆ ಬಿಸಿಲು ತಡೆಯುವ, ಸಿಮ್ ಮೂಲಕ ಮಾಹಿತಿ ಕಳಿಸುವ ಹೊರಾಂಗಣ ಸೆನ್ಸರ್‌ಗೆ ಹತ್ತಾರು ಸಾವಿರ ಬೇಕು. ಒಂದು ಮನೆಗೆ ಇದು ಹೊರೆ. ಶಾಲೆ, ಹಾಲಿನ ಡೇರಿ ಅಥವಾ ಪಂಚಾಯಿತಿ ಕಟ್ಟಡದ ಮೇಲೆ ಊರಿಗೊಂದು ಇಟ್ಟರೆ ಎಲ್ಲರಿಗೂ ಉಪಯೋಗ. ಕೊಳ್ಳುವಾಗ ಪಿಎಂ 2.5 ಮತ್ತು ಪಿಎಂ 10 ಎರಡನ್ನೂ ಅಳೆಯುತ್ತದೆಯೇ, ತೇವಾಂಶ ತೋರಿಸುತ್ತದೆಯೇ, ಹಳೆಯ ಅಳತೆಗಳನ್ನು ಉಳಿಸಿಡುತ್ತದೆಯೇ ಎಂದು ಕೇಳಿ. ಕಾರ್ಬನ್ ಡೈಆಕ್ಸೈಡ್ ಮಾತ್ರ ತೋರಿಸುವ ಪೆಟ್ಟಿಗೆ ಈ ಕೆಲಸಕ್ಕೆ ಬರುವುದಿಲ್ಲ.

ಕಾನೂನಿನ ಮುಂದೆ ಇಡಬೇಕಾದ ಅಳತೆಗೆ ಮಾನ್ಯತೆ ಪಡೆದ ಪ್ರಯೋಗಾಲಯವೇ ಬೇಕು. ಎನ್‌ಎಬಿಎಲ್ ಮಾನ್ಯತೆ ಇದೆಯೇ ನೋಡಿ. ಪರೀಕ್ಷಾ ಸಾಮರ್ಥ್ಯವನ್ನು ಪರಿಶೀಲಿಸಿ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ವ್ಯವಸ್ಥೆ ಅದು. ಎಷ್ಟು ವಸ್ತು ಅಳೆಯಬೇಕು ಎಂಬುದರ ಮೇಲೆ ದರ ಬದಲಾಗುತ್ತದೆ. ಎರಡು ಮೂರು ಕಡೆ ದರಪಟ್ಟಿ ತರಿಸಿಕೊಳ್ಳಿ.

ದೂರು ಕೊಡುವುದು ಎಲ್ಲಿ, ಹೇಗೆ?

1981ರ ವಾಯು ಕಾಯ್ದೆಯಂತೆ ಹೊಗೆ, ದೂಳು ಬಿಡುವ ಉದ್ಯಮಗಳು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಸಮ್ಮತಿ ಪತ್ರದಲ್ಲಿ ಷರತ್ತುಗಳಿರುತ್ತವೆ: ಚಿಮಣಿ ಎಷ್ಟು ಎತ್ತರ, ಯಾವ ಇಂಧನ, ದೂಳು ತಡೆಯಲು ಏನು ವ್ಯವಸ್ಥೆ ಎಂದು. ಕಲ್ಲು ಕ್ರಷರ್‌ಗಳಿಗೆ ಪ್ರತ್ಯೇಕ ಮಿತಿಯೂ ಇದೆ. ಯಂತ್ರದಿಂದ 3ರಿಂದ 10 ಮೀಟರ್ ಅಂತರದಲ್ಲಿ ಅಳೆದಾಗ ತೇಲುವ ದೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು.

ಕಾರ್ಖಾನೆ ಅಥವಾ ಕ್ರಷರ್ ಬಗ್ಗೆ ದೂರಿದ್ದರೆ ನೆಲಮಂಗಲ ತಾಲ್ಲೂಕನ್ನು ನೋಡಿಕೊಳ್ಳುವ ಮಂಡಳಿಯ ಪರಿಸರ ಅಧಿಕಾರಿಗೆ ಬರೆಯಿರಿ. ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪರಿಸರ ಭವನದಲ್ಲಿದೆ. ಸಮೀರ್ ಆ್ಯಪ್‌ನಲ್ಲೂ ದೂರು ದಾಖಲಿಸಬಹುದು.

ದೂರಿನಲ್ಲಿ ‘ತುಂಬಾ ಹೊಗೆ ಬರುತ್ತದೆ’ ಎಂದು ಮಾತ್ರ ಬರೆದರೆ ಸಾಲದು. ಒಂದು ನೋಟ್ ಪುಸ್ತಕ ಇಡಿ. ದಿನಾಂಕ, ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಹೊಗೆಯ ಬಣ್ಣ, ವಾಸನೆ, ಎಷ್ಟು ಹೊತ್ತು ಇತ್ತು ಎಂದು ಬರೆಯಿರಿ. ಸಮಯ ತೋರಿಸುವ ಫೋಟೊ ತೆಗೆಯಿರಿ. ಎರಡು ಮೂರು ವಾರ ಹೀಗೆ ಬರೆದಿಟ್ಟರೆ ಯಾವ ಹೊತ್ತಿಗೆ ಬಂದು ಅಳೆಯಬೇಕು ಎಂದು ಅಧಿಕಾರಿಗೂ ತಿಳಿಯುತ್ತದೆ.

ಸಮ್ಮತಿ ಪತ್ರದ ಷರತ್ತುಗಳು, ಹಿಂದಿನ ತಪಾಸಣೆ ವರದಿ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು.

ಬಯಲಲ್ಲಿ ಕಸ ಸುಡುವ ಬಗ್ಗೆ ಪಂಚಾಯಿತಿಗೆ ದೂರು ಕೊಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಇದನ್ನು ನಿಷೇಧಿಸಿತು. ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಊರಿನ ಗಾಳಿಯನ್ನೇ ಅಳೆಸಬೇಕೆಂದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಮಂಡಳಿಗೆ ಕಳಿಸಿ. ಒಬ್ಬರ ಅರ್ಜಿಗಿಂತ ಸಭೆಯ ನಿರ್ಣಯಕ್ಕೆ ತೂಕ ಹೆಚ್ಚು.

ಸಾಮಾನ್ಯವಾಗಿ ಕೇಳುವ ಅನುಮಾನಗಳು

ಹೊಗೆ ಕಾಣದಿದ್ದರೆ ಗಾಳಿ ಶುದ್ಧವೇ? ಹಾಗೆ ಹೇಳಲಾಗದು. ಪಿಎಂ 2.5 ಒಂದೊಂದೇ ಕಣ ಕಣ್ಣಿಗೆ ಕಾಣುವುದಿಲ್ಲ. ಅನಿಲಗಳಂತೂ ಕಾಣುವುದೇ ಇಲ್ಲ.

ಮಳೆ ಬಂದರೆ ಎಲ್ಲ ತೊಳೆದುಹೋಗುವುದಿಲ್ಲವೇ? ದಪ್ಪ ದೂಳು ಬಹಳಷ್ಟು ಇಳಿಯುತ್ತದೆ. ಸೂಕ್ಷ್ಮ ಕಣಗಳು ಪೂರ್ತಿ ಹೋಗುವುದಿಲ್ಲ. ಮಳೆ ನಿಂತ ಮೇಲೆ ಮತ್ತೆ ಸೇರುತ್ತವೆ.

ಮಾಸ್ಕ್‌ನಿಂದ ಪ್ರಯೋಜನವಿದೆಯೇ? ಎನ್ 95 ಮಾಸ್ಕ್ ಮೂಗಿನ ಪಕ್ಕ ಸಂದಿಲ್ಲದಂತೆ ಕೂತರೆ ಸೂಕ್ಷ್ಮ ಕಣಗಳನ್ನು ಚೆನ್ನಾಗಿ ತಡೆಯುತ್ತದೆ. ಅನಿಲಗಳನ್ನು ತಡೆಯುವುದಿಲ್ಲ. ಕರವಸ್ತ್ರ, ಟವೆಲ್ ಕಟ್ಟಿಕೊಂಡರೆ ದಪ್ಪ ದೂಳು ಮಾತ್ರ ನಿಲ್ಲುತ್ತದೆ.

ನಮ್ಮ ಮನೆಯಲ್ಲಿ ಗ್ಯಾಸ್ ಇದೆ, ಇನ್ನೇನು ತೊಂದರೆ? ಅಡುಗೆಗೆ ಗ್ಯಾಸ್ ಇದ್ದರೂ ನೀರು ಕಾಯಿಸಲು ಸೌದೆ ಒಲೆ ಅನೇಕ ಮನೆಗಳಲ್ಲಿದೆ. ಅದಕ್ಕೆ ಪ್ಲಾಸ್ಟಿಕ್ ಕವರ್, ಹಳೆ ಚಪ್ಪಲಿ, ಹಾಲಿನ ಪ್ಯಾಕೆಟ್ ಹಾಕಿ ಉರಿ ಹೊತ್ತಿಸುತ್ತಾರೆ. ದಯವಿಟ್ಟು ಇದನ್ನು ಬಿಡಿ. ಪ್ಲಾಸ್ಟಿಕ್ ಹೊಗೆಯಲ್ಲಿ ಸೌದೆ ಹೊಗೆಗಿಂತ ಕೆಟ್ಟ ವಿಷಗಳಿರುತ್ತವೆ. ಅದನ್ನು ಮೊದಲು ಉಸಿರಾಡುವವರು ಒಲೆ ಮುಂದೆ ಕೂತ ತಾಯಿ, ಅಜ್ಜಿ ಮತ್ತು ಪಕ್ಕದಲ್ಲಿರುವ ಮಗು.

ವಾಹನಕ್ಕೆ ಎಮಿಷನ್ ಟೆಸ್ಟ್ ಮಾಡಿಸುವುದು ಬರೀ ಕಾಗದದ ಕೆಲಸವೇ? ಸರಿಯಾಗಿ ಮಾಡಿದರೆ ಅಲ್ಲ. ಟೆಸ್ಟ್‌ನಲ್ಲಿ ಫೇಲ್ ಆದರೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಬೇಕೆಂದು ಅರ್ಥ. ಅದರಿಂದ ಇಂಧನವೂ ಉಳಿಯುತ್ತದೆ.

ಇವತ್ತಿನಿಂದಲೇ ಮಾಡಬಹುದಾದದ್ದು

ತರಗೆಲೆ, ತೆಂಗಿನ ಗರಿ ಸುಡುವ ಬದಲು ತೋಟದ ಬುಡಕ್ಕೆ ಹಾಕಿ ಅಥವಾ ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಿ. ಮಣ್ಣು, ಜಲ್ಲಿ, ಎಂ-ಸ್ಯಾಂಡ್ ಸಾಗಿಸುವ ಲಾರಿಗೆ ಟಾರ್ಪಾಲು ಹಾಕಿಸಿ. ಮನೆ ಕಟ್ಟುವಾಗ ಮರಳಿನ ರಾಶಿಗೆ ನೀರು ಚಿಮುಕಿಸಿ. ಚಳಿಗಾಲದಲ್ಲಿ ಬೆಳಗಿನ ವಾಕಿಂಗನ್ನು ಬಿಸಿಲೇರಿದ ಮೇಲೆ ಇಟ್ಟುಕೊಳ್ಳಿ, ಅದರಲ್ಲೂ ಉಬ್ಬಸ, ಹೃದಯದ ತೊಂದರೆ ಇರುವವರು. ಕೆಮ್ಮು ಎರಡು ವಾರ ಮೀರಿದರೆ ದೂಳಿನದೇ ಇರಬೇಕು ಎಂದು ಸುಮ್ಮನಿರಬೇಡಿ, ಆಸ್ಪತ್ರೆಗೆ ತೋರಿಸಿ.

ಮುಂದಿನ ಗ್ರಾಮಸಭೆಗೆ ಹೋದಾಗ ನೀರು, ರಸ್ತೆ, ಬೀದಿದೀಪದ ಜೊತೆಗೆ ಗಾಳಿಯ ವಿಷಯವನ್ನೂ ಎತ್ತಿ. ನಮ್ಮೂರಿನಲ್ಲಿ ಕೊನೆಯ ಸಲ ಗಾಳಿ ಅಳೆದದ್ದು ಯಾವಾಗ, ಎಲ್ಲಿ, ಎಷ್ಟು ಬಂತು ಎಂದು ಕೇಳಿ. ಉತ್ತರ ಸಿಗದಿದ್ದರೆ ಅಳೆಯಿರಿ ಎಂಬ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿ ಪಡೆದುಕೊಳ್ಳಿ.